ಗಾಡಿಯೊಳಗಿನ ಗುಮಾಸ್ತ

ಸಂಜೆ ಮುಂಬಯಿಯಲ್ಲಿ ಬಸ್ಸು ಹತ್ತಿ ಮರುದಿನ ಉಡುಪಿಯಲ್ಲಿ ಇಳಿಯುವ ನಮ್ಮವರಲ್ಲಿ ಬಹುಮಂದಿ, ಆ ಬಸ್ಸಿನಲ್ಲಿ ಚಾಲಕನಲ್ಲದೆ ಮತ್ತೊಬ್ಬ ಸೇವಕನೂ ರಾತ್ರಿಯಿಡೀ ಎಚ್ಚರವಾಗಿರುವುದನ್ನು ಗಮನಿಸಿರಲಾರರು. ಅದೊಂದು ಅಂಗೈಯಗಲದ ಪೆಟ್ಟಿಗೆ. 2019ನೆಯ ಇಸವಿಯ ಜನವರಿ 1ರಿಂದ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಲ್ಲಿ ಈ ಯಂತ್ರವೂ, ಆಪತ್ತಿನಲ್ಲಿ ಒತ್ತುವ ಗುಂಡಿಯೂ ಇರತಕ್ಕದ್ದೆಂದು ಕೇಂದ್ರ ಸರಕಾರದ ನಿಯಮವಿದೆ.

ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳು ತನ್ನನ್ನು ತಲುಪಲು ಹಿಡಿದ ಕಾಲವನ್ನು ಎಣಿಸಿ, ಕನಿಷ್ಠ ನಾಲ್ಕು ಉಪಗ್ರಹಗಳ ನೆರವಿನಿಂದ ಅದು ತಾನಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಬಳಿಕ ಸಿಮ್ ಕಾರ್ಡಿನ ಮೂಲಕ ಕಚೇರಿಗೆ ವರದಿ ಒಪ್ಪಿಸುತ್ತದೆ. ಘಟ್ಟದಲ್ಲಿ ಸಂಪರ್ಕ ಕಡಿದರೆ ವರದಿಯನ್ನು ಕೂಡಿಟ್ಟು ಆಮೇಲೆ ಕಳುಹುತ್ತದೆ. ಹತ್ತಾರು ಗಾಡಿಗಳ ಮಾಲಕನು ಗಲ್ಲಾಪೆಟ್ಟಿಗೆಯ ಮುಂದಿನ ಮೇನೇಜರರಂತೆ ಒಂದೆಡೆ ಕುಳಿತೇ, ಯಾವ ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಎಂಜಿನು ನಿಲ್ಲಿಸದೆ ಡೀಸೆಲು ಸುಟ್ಟದ್ದೆಷ್ಟು ಹೊತ್ತು, ರಿಪೇರಿಗೆ ಯಾವುದರ ಸರದಿ ಎಂಬುದನ್ನೆಲ್ಲ ಅರಿಯಬಲ್ಲನು. ಇದರ ಪ್ರಯೋಜನ ಪ್ರಯಾಣಿಕರಿಗೂ ಉಂಟು. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಇಂತಹ ಯಂತ್ರಗಳನ್ನು ಅಳವಡಿಸಿ, ಮುಂದಿನ ಬಸ್ಸು ಬರುವ ಹೊತ್ತನ್ನು ನಿಲ್ದಾಣದ ಫಲಕಗಳಲ್ಲಿ ತೋರಿಸಲಾಯಿತು.

ಆದರೆ ಚಾಲಕನ ಮಾತೇನು? ಚಹಾಕ್ಕೆಂದು ಹತ್ತು ನಿಮಿಷ ನಿಂತರೂ ಜವಾಬು ಹೇಳಬೇಕಾದೀತೆಂಬ ಬೇಸರ ಅವನಿಗೆ ಸಹಜ. ಮೇಲಿನವರ ಕಣ್ಣಳತೆಯಲ್ಲಿ ದಿನವಿಡೀ ದುಡಿದು ಬಲ್ಲ ಹೋಟೆಲು ಕಾರ್ಮಿಕರಿಗೆ ಆ ಬೇಸರ ಅಪರಿಚಿತವಲ್ಲ. ಹಾಗಿದ್ದರೂ ಇದೇ ಪೆಟ್ಟಿಗೆ ಅವನ ಪಾಲಿಗೆ ಸಾಕ್ಷಿಯೂ ಆಗಬಲ್ಲುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಗಳ ದುಡಿತವನ್ನೂ, ಅನುಮತಿಯಿದ್ದಲ್ಲಿ ದೂರದ ಮಾರ್ಗಗಳಿಗೆ 10 ಗಂಟೆಗಳನ್ನೂ ಮಿತಿಯಾಗಿ ವಿಧಿಸಿತ್ತು. ಹಾಜರಿ ಪುಸ್ತಕವನ್ನು ಬಲ್ಲ ನಮ್ಮ ಗುಮಾಸ್ತರಿಗೆ, ಬರೆದ ಗಂಟೆಗಳಿಗೂ ದುಡಿದ ಗಂಟೆಗಳಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಯಂತ್ರವಾದರೋ ಗಾಡಿ ಓಡಿದ ಹೊತ್ತನ್ನು ನಿಮಿಷ ತಪ್ಪದೆ ಬರೆದಿಡುತ್ತದೆ. ಓಡಿಸಿದವನಾರೆಂದು ತಿಳಿಯಲು ಚಾಲಕನು ತನ್ನ ಗುರುತಿನ ಕಾರ್ಡನ್ನು ಮುಟ್ಟಿಸುವ ಏರ್ಪಾಡುಳ್ಳ ಯಂತ್ರಗಳೂ ಇವೆ.

ಅತಿವೇಗಕ್ಕೆ ಎಚ್ಚರಿಕೆಯ ಗಂಟೆ ಬಾರಿಸುವ ಕಚೇರಿಯು ಹತ್ತನೆಯ ತಾಸು ಮೀರಿದಾಗ ಸುಮ್ಮನಿರುವುದಾದರೆ, ಅದು ಯಂತ್ರದ ದೋಷವಲ್ಲ. ರಾತ್ರಿ ಬಸ್ಸಿನಲ್ಲಿ ನಿದ್ರಿಸುವವರು ನಾವೇ ಆದುದರಿಂದ, ಮುಂದಿನ ಸಲ ಟಿಕೇಟು ಕೊಳ್ಳುವಾಗ, ಎರಡನೆಯ ಚಾಲಕನಿದ್ದಾನೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.