ಸ್ವಂತ ಶ್ರುತಿ

ಹಾಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ತೊಟ್ಟಿಲ ಕೂಸು ಜೋಗುಳಕ್ಕೆ ಕಿವಿಗೊಡುತ್ತದೆ. ರಾಗಿ ಬೀಸುವವರೂ ನಾಟಿ ಮಾಡುವವರೂ ಹಾಡುತ್ತ ಹಾಡುತ್ತಲೇ ದುಡಿಮೆಯ ಭಾರವನ್ನು ಹಗುರ ಮಾಡಿಕೊಂಡಿದ್ದಾರೆ. ತಮ್ಮ ಕಂಠ ಹಾಡಲು ಯೋಗ್ಯವಾದುದೇ ಎಂದು ಮೊದಲೇ ಪರೀಕ್ಷಿಸಿಕೊಂಡು ಅವರು ಹಾಡತೊಡಗಿದವರಲ್ಲ. ಆದರೆ ಶಾಲೆಯ ಪ್ರಾರ್ಥನೆಗೋ ವಾರ್ಷಿಕೋತ್ಸವಕ್ಕೋ ಒಂದು ಹಾಡು ಹೇಳೆಂದಾಗ ಅನೇಕ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ‘ನನ್ನ ದನಿ ಚೆನ್ನಾಗಿಲ್ಲ’ ಎಂಬುದೇ ಅವರ ಉತ್ತರ. ಈ ತೀರ್ಪು ಎಷ್ಟರಮಟ್ಟಿಗೆ ಸರಿಯಾದುದು? ಇದನ್ನು ತಿಳಿಯಬೇಕಾದರೆ ದನಿಯ ಸ್ವರೂಪವನ್ನು ಅರಿಯಬೇಕು.

ಗಂಟಲಿನ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಶ್ವಾಸಕೋಶಗಳಿಂದ ಹೊರಬರುವ ಗಾಳಿಯ ಒತ್ತಡಕ್ಕೆ ಇವು ಕಂಪಿಸುತ್ತವೆ; ಆ ಕಂಪನವೇ ದನಿಯ ಮೂಲ. ಮಾತನಾಡುವಾಗ ಈ ತಂತುಗಳು ವಯಸ್ಕ ಪುರುಷರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲವೂ, ಸ್ತ್ರೀಯರಲ್ಲಿ ಸುಮಾರು 200 ಸಲವೂ ಕಂಪಿಸುತ್ತವೆ. ತಂತುಗಳು ಉದ್ದವಾಗಿಯೂ ದಪ್ಪವಾಗಿಯೂ ಇದ್ದಷ್ಟು ದನಿ ತಗ್ಗಿನದಾಗಿರುತ್ತದೆ. ಅಲ್ಲಿ ಹುಟ್ಟಿದ ಸದ್ದಿಗೆ ಗಂಟಲು, ಬಾಯಿ, ಮೂಗುಗಳ ಒಳಗಿನ ಅವಕಾಶವು ವಿಶಿಷ್ಟ ಗುಣವನ್ನು ಕೊಡುತ್ತದೆ. ಈ ಅಂಗಗಳ ರಚನೆ ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿರುವುದಿಲ್ಲ. ಆದುದರಿಂದ ಬೇರೆಯವರ ದನಿಯಂತೆ ತನ್ನ ದನಿ ಇಲ್ಲವೆಂದು ಕೊರಗುವುದು, ಬೇರೆಯವರ ಮುಖದಂತೆ ತನ್ನ ಮುಖವಿಲ್ಲವೆಂದು ಕೊರಗಿದಂತೆಯೇ ಸರಿ.

ಧ್ವನಿಮುದ್ರಣದಲ್ಲಿ ತಮ್ಮ ದನಿಯನ್ನೇ ಮೊದಲ ಬಾರಿ ಕೇಳಿದವರು ‘ಇದು ನನ್ನದೇ?’ ಎಂದು ಬೆರಗಾಗುತ್ತಾರೆ. ಹಲವರಿಗೆ ಬೇಸರವೂ ಆಗುತ್ತದೆ. ಇದಕ್ಕೂ ಕಾರಣವುಂಟು. ತಾನು ಆಡುವ ಮಾತು ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಯನ್ನು ಸೇರುತ್ತದೆ. ಮೂಳೆಗಳು ತಗ್ಗುದನಿಯನ್ನು ಚೆನ್ನಾಗಿ ಒಯ್ಯುವುದರಿಂದ ಅದು ತುಂಬಿದಂತೆ ಕೇಳಿಸುತ್ತದೆ. ಧ್ವನಿಮುದ್ರಣದಲ್ಲಿ ಈ ಭಾಗ ಇರುವುದಿಲ್ಲ. ಹೀಗೆ, ತೆಳುವಾಗಿ ಕೇಳಿಸಿದ ದನಿ ಕೆಟ್ಟ ದನಿಯಲ್ಲ, ಪರಿಚಯವಿಲ್ಲದ ದನಿ.

ಹದಿಹರೆಯದವರ ಸಂಕೋಚಕ್ಕೆ ಇನ್ನೊಂದು ಕಾರಣವಿದೆ. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೇಗನೆ ಬೆಳೆಯುತ್ತದೆ. ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರಲ್ಲಿಯೂ ಅಲ್ಪ ವ್ಯತ್ಯಾಸವಾಗುತ್ತದೆ. ಹೊಸ ಅಳತೆಗೆ ಸ್ನಾಯುಗಳು ಹೊಂದಿಕೊಳ್ಳುವವರೆಗೆ ದನಿ ಒಡೆಯುವುದೂ ತಪ್ಪುವುದೂ ಸಹಜ. ಇದು ಬೆಳವಣಿಗೆಯ ಲಕ್ಷಣವೇ ಹೊರತು ದೋಷವಲ್ಲ.

ದನಿ ಬದಲಾದರೂ ಸಂಗೀತ ಕೈಬಿಡದು ಎಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಜೀವನವೇ ಸಾಕ್ಷಿ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಗೌರವದಿಂದ ಕಾಣದಿದ್ದ ಕಾಲವದು. ಬೀದಿಯಲ್ಲಿ ನಡೆಯುವಾಗ ಗಂಗೂಬಾಯಿಯವರು ಅಣಕದ ಮಾತುಗಳನ್ನು ಕೇಳಬೇಕಾಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಹಾಡುವ ಭಾಗ್ಯ ಈ ಬಾಲಕಿಗೆ ದೊರೆಯಿತು. ಆದರೆ ಅಲ್ಲಿ ಆಕೆಯನ್ನು ಕಾಡಿದ್ದು ಹಾಡಿನ ಭಯವಲ್ಲ. ಜಾತಿಯ ಕಾರಣದಿಂದ ಊಟದ ಸ್ಥಳವನ್ನು ಶುಚಿ ಮಾಡಲು ಹೇಳುವರೋ ಎಂಬ ಅಳುಕು. ಇದನ್ನು ಮುಂದೆ ಅವರೇ ನೆನೆದಿದ್ದಾರೆ.

ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ಕುಂದಗೋಳದ ರಾಮಭಾವು ಅವರಲ್ಲಿ ಗಂಗೂಬಾಯಿಯವರು ಕಿರಾಣಾ ಘರಾಣೆಯ ಶಿಕ್ಷಣ ಪಡೆದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಜಿಪುಣನು ಹಣವನ್ನು ಬಳಸುವಂತೆ ಗಾಯಕನು ಸ್ವರಗಳನ್ನು ಎಣಿಸಿ ಬಳಸಬೇಕೆಂಬುದು ಗುರುಗಳ ಬೋಧೆ. ಒಂದೇ ಸ್ವರಸಮೂಹವನ್ನು ಪಳಗುವವರೆಗೆ ಮತ್ತೆ ಮತ್ತೆ ಹಾಡುವುದೇ ಅಲ್ಲಿಯ ಕ್ರಮ.

ಅವರ ಆರಂಭದ ಗ್ರಾಮಫೋನ್ ಮುದ್ರಿಕೆಗಳಲ್ಲಿ ಕೇಳುವ ದನಿ ಎತ್ತರವಾದುದು, ಕೋಮಲವಾದುದು. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ಗಡುಸಾಗಿ, ಗಂಡುದನಿಯನ್ನು ಹೋಲತೊಡಗಿತು. ಯಾವ ಗಾಯಕಿಯನ್ನಾದರೂ ಕಂಗೆಡಿಸಬಹುದಾದ ಬದಲಾವಣೆಯಿದು. ಗಂಗೂಬಾಯಿಯವರು ಕಳೆದುಹೋದ ದನಿಯನ್ನು ಅನುಕರಿಸಲು ಹೋಗಲಿಲ್ಲ; ಉಳಿದ ದನಿಗೆ ತಕ್ಕ ಶ್ರುತಿಯಲ್ಲಿಯೇ ಸಾಧನೆಯನ್ನು ಮುಂದುವರಿಸಿದರು. ರಾಗವನ್ನು ನಿಧಾನವಾಗಿ, ಗಂಭೀರವಾಗಿ ಬೆಳೆಸುವ ಅವರ ಶೈಲಿಗೆ ಆ ಗಡುಸುದನಿಯೇ ಬಲವಾಯಿತು. ಯಾರೂ ಅನುಕರಿಸಲಾಗದ ಆ ಕಂಠವೇ ಅವರ ಗುರುತಾಯಿತು. 2002ರಲ್ಲಿ ರಾಷ್ಟ್ರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 2009ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಅವರು ಹುಬ್ಬಳ್ಳಿಯಲ್ಲಿ ನಿಧನರಾದರು.

ಹಾಡಲು ಅಂಜುವವರಿಗೆ ಈ ಜೀವನದಲ್ಲಿ ಉಪಯುಕ್ತವಾದ ಪಾಠವಿದೆ. ಮೊದಲು ತನ್ನ ಶ್ರುತಿಯನ್ನು ಕಂಡುಕೊಳ್ಳಬೇಕು. ಕೆಳಗೆ ಮಂದ್ರ ಪಂಚಮವನ್ನೂ ಮೇಲೆ ತಾರ ಷಡ್ಜವನ್ನೂ ಕಂಠಕ್ಕೆ ತ್ರಾಸವಿಲ್ಲದೆ ಮುಟ್ಟುವಂತಿದ್ದರೆ ಅದು ಹೊಂದುವ ಶ್ರುತಿ. ಪ್ರಸಿದ್ಧ ಗಾಯಕರ ಶ್ರುತಿಯಲ್ಲಿಯೇ ಹಾಡಲು ಹೋಗಿ ದನಿ ಸಿಕ್ಕಿಕೊಂಡಾಗ ‘ನನಗೆ ಬಾರದು’ ಎಂದು ಕೈಬಿಡುವವರು ಬಹಳ ಮಂದಿ. ಅವರಿಗೆ ಬೇಕಾದುದು ಬೇರೆ ಕಂಠವಲ್ಲ, ಬೇರೆ ಶ್ರುತಿ.

ಎರಡನೆಯದು ಕಿವಿಯ ಶಿಕ್ಷಣ. ಅಪಸ್ವರ ಬರುವುದು ಬಹುಮಟ್ಟಿಗೆ ಕಂಠದ ದೋಷದಿಂದಲ್ಲ. ಕಿವಿಗೂ ಕಂಠಕ್ಕೂ ಇನ್ನೂ ಹೊಂದಾಣಿಕೆ ಬೆಳೆಯದಿರುವುದರಿಂದ. ಸ್ವರಭೇದವನ್ನು ಹುಟ್ಟಿನಿಂದಲೇ ಗುರುತಿಸಲಾರದವರೂ ಉಂಟು. ಆದರೆ ಅವರ ಸಂಖ್ಯೆ ತೀರ ಕಡಿಮೆ. ಉಳಿದವರು ತಂಬೂರಿಯ ನಾದಕ್ಕೆ ಕಿವಿಗೊಟ್ಟು ಷಡ್ಜವನ್ನು ಹಿಡಿದು ನಿಲ್ಲಿಸುವುದನ್ನು ಕಲಿತರೆ ಹೊಂದಾಣಿಕೆ ತಾನಾಗಿ ಬೆಳೆಯುತ್ತದೆ. ಪುರಂದರದಾಸರು ರೂಪಿಸಿದರೆಂದು ಪ್ರತೀತಿಯಿರುವ ಸರಳೆ ವರಸೆಗಳು ಏನೂ ಅರಿಯದವರನ್ನು ಒಂದೊಂದೇ ಮೆಟ್ಟಿಲು ಹತ್ತಿಸುವುದಕ್ಕಾಗಿಯೇ ಇವೆ.

ಮೂರನೆಯದು ಸಭೆಯ ಅಂಜಿಕೆ. ಇದನ್ನು ಒಮ್ಮೆಗೇ ಗೆಲ್ಲಲಾಗದು. ಮನೆಯವರ ಮುಂದೆ, ಬಳಿಕ ಗೆಳೆಯರೊಡನೆ ಸಾಮೂಹಿಕವಾಗಿ, ಆಮೇಲೆ ಒಬ್ಬರೇ ನಿಂತು ಹಾಡುವ ಅಭ್ಯಾಸದಿಂದ ಅದು ಕ್ರಮವಾಗಿ ಕಡಿಮೆಯಾಗುತ್ತದೆ.

ಅಭ್ಯಾಸ ಮಾಡಿದವರೆಲ್ಲರೂ ಶ್ರೇಷ್ಠ ಗಾಯಕರಾಗುವರೆಂದಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಶ್ರುತಿಗೆ ಹೊಂದಿಸಿ ಒಂದು ಹಾಡನ್ನು ಹಾಡಿ ತಾನು ಸಂತೋಷಪಡುವ, ಇತರರನ್ನೂ ಸಂತೋಷಪಡಿಸುವ ಶಕ್ತಿ ಬಹುಪಾಲು ಜನರಲ್ಲಿದೆ. ಸಾಧನೆಗೆ ಮೊದಲೇ ತೀರ್ಪು ಕೊಟ್ಟುಕೊಂಡು ಈ ಸಂತೋಷವನ್ನು ಯಾರೂ ಕಳೆದುಕೊಳ್ಳಬಾರದು.