ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಜೀಪು ಸವಾರಿ

ಗದಗದ ಪಶ್ಚಿಮಕ್ಕೆ, ಹುಲಕೋಟಿಯ ನೆರೆಯಲ್ಲಿರುವ ಕುರ್ತಕೋಟಿಯು ಎರೆಭೂಮಿಯ ಊರು. ಜೋಳ, ಕಡಲೆ, ಹತ್ತಿಗಳ ಹೊಲಗಳು ಕಣ್ಣು ಹರಿಯುವವರೆಗೂ ಸಮತಟ್ಟಾಗಿ ಹಾಸಿಕೊಂಡಿರುವ ಈ ಸೀಮೆಯಲ್ಲಿ ಬೆಳೆದವರಿಗೆ ನೆಲವನ್ನು ಓದುವ ವಿದ್ಯೆಯೊಂದು ತಾನಾಗಿಯೇ ಬಂದಿರುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವ ಎರೆಮಣ್ಣು, ಒಂದು ಹದ ಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಯಾವ ದಿನ ಚಕ್ಕಡಿಯನ್ನು ಹೊಲಕ್ಕೆ ಇಳಿಸಬಹುದು, ಯಾವ ದಿನ ಎತ್ತುಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿರಬೇಕು ಎಂಬುದನ್ನು ಅಲ್ಲಿಯ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಲಿಯು ಎಷ್ಟೇ ಗಟ್ಟಿಯಾಗಿರಲಿ, ಕೊನೆಯ ಮಾತು ನೆಲದ್ದು ಎಂಬುದನ್ನು ಅವನು ಬಲ್ಲ.

ಈ ಬಯಲುಸೀಮೆಯ ಕುಟುಂಬಗಳು ಕೊಲ್ಲೂರಿಗೆ ಮೂಕಾಂಬಿಕೆಯ ದರ್ಶನಕ್ಕೆಂದು ಹೋದಾಗ ಬೇರೊಂದು ಲೋಕವನ್ನೇ ಕಾಣುತ್ತವೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಪಶ್ಚಿಮಘಟ್ಟದ ಆಗುಂಬೆಯಂಥ ಊರುಗಳಲ್ಲಿ ಸುರಿಯುವುದು ಅದರ ಹತ್ತು ಪಟ್ಟಿಗೂ ಹೆಚ್ಚು. ಸೌಪರ್ಣಿಕಾ ನದಿಯ ದಡದಲ್ಲಿರುವ ಕೊಲ್ಲೂರಿನ ಬೀದಿಯಲ್ಲಿ, ದರ್ಶನ ಮುಗಿಸಿ ಹೊರಬಂದ ಯಾತ್ರಿಕರನ್ನು ಜೀಪುಗಳ ಸಾಲು ಎದುರುಗೊಳ್ಳುತ್ತದೆ. "ಕೊಡಚಾದ್ರಿ, ಕೊಡಚಾದ್ರಿ" ಎಂಬ ಕೂಗು ಕೇಳಿಸುತ್ತದೆ. ಎಂಟು ಜನ ಕೂಡಿದರೆ ಜೀಪು ಹೊರಡುವುದು ವಾಡಿಕೆ. ಹಿರಿಯರು ಒಮ್ಮೆ ಬೆಟ್ಟದ ಕಡೆಗೂ ಒಮ್ಮೆ ಜೀಪಿನ ಕಡೆಗೂ ನೋಡುತ್ತಾರೆ. ಮಕ್ಕಳು ಮಾತ್ರ ಆಗಲೇ ಹತ್ತಿ ಕುಳಿತಿರುತ್ತಾರೆ!

ಕುಟಜದ ಬೆಟ್ಟ

ಕೊಡಚಾದ್ರಿಯು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಅದರ ಎತ್ತರ ಸಮುದ್ರಮಟ್ಟದಿಂದ 1,343 ಮೀಟರ್, ಎಂದರೆ ಸುಮಾರು 4,400 ಅಡಿ. ಕುಟಜ ಪುಷ್ಪಗಳ ಅದ್ರಿಯಾದುದರಿಂದ ಇದು ಕುಟಜಾದ್ರಿ. ಆ ಹೆಸರೇ ಜನರ ನಾಲಗೆಯ ಮೇಲೆ ಕೊಡಚಾದ್ರಿಯಾಯಿತೆಂದು ಹೇಳುತ್ತಾರೆ. ಇಳಿಜಾರಿನ ಕಣಿವೆಗಳಲ್ಲಿ ಬಿಸಿಲೇ ಇಳಿಯದ ದಟ್ಟ ಕಾಡು, ಮೇಲೆ ಗಾಳಿಗೆ ಬಾಗಿದ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಕುಳ್ಳಮರಗಳ ಶೋಲಾ ಕಾಡು, ಹೀಗೆ ಒಂದೇ ಬೆಟ್ಟದಲ್ಲಿ ಮೂರು ಬಗೆಯ ಸೃಷ್ಟಿ ಕಾಣುತ್ತದೆ.

ಕೊಲ್ಲೂರು ಘಟ್ಟದ ಬುಡದಲ್ಲಿದೆ. ಅಲ್ಲಿಂದ ಕಾಡಿನ ಕಾಲುದಾರಿ ಹಿಡಿದು ಶಿಖರವನ್ನೇರುವ ಚಾರಣಿಗರು ಉಂಟು. ಜೀಪಿನ ದಾರಿಯಾದರೋ ನಾಗೋಡಿಯ ಘಟ್ಟವನ್ನೇರಿ, ನಿಟ್ಟೂರು, ಸಂಪೆಕಟ್ಟೆ, ಕಟ್ಟಿನಹೊಳೆಗಳ ಮೂಲಕ ಬೆಟ್ಟವನ್ನು ಬಳಸಿಕೊಂಡು ಹೋಗುತ್ತದೆ. ಒಟ್ಟು ದೂರ ಸುಮಾರು 40 ಕಿಲೋಮೀಟರ್. ಇದರಲ್ಲಿ ಬಹುಪಾಲು ಸಾಧಾರಣ ಡಾಂಬರು ರಸ್ತೆ. ಪ್ರಯಾಣಿಕರ ಬೆನ್ನುಮೂಳೆಯನ್ನೂ ಧೈರ್ಯವನ್ನೂ ಪರೀಕ್ಷಿಸುವುದು ಕಟ್ಟಿನಹೊಳೆಯ ಆಚೆಗಿನ ಕೊನೆಯ ಕೆಲವು ಮೈಲಿಗಳು.

ಯುದ್ಧದಿಂದ ಬೆಟ್ಟಕ್ಕೆ ಬಂದ ವಾಹನ

ಈ ದಾರಿಯನ್ನೇರುವ ವಾಹನದ ಚರಿತ್ರೆಯೂ ಸ್ವಾರಸ್ಯವಾದುದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೆಸರು, ಮರಳು, ಬಂಡೆ ಯಾವುದನ್ನೂ ಲೆಕ್ಕಿಸದೆ ಓಡಬಲ್ಲ ಹಗುರವಾದ ಮೋಟಾರೊಂದು ಅಮೆರಿಕದ ಸೈನ್ಯಕ್ಕೆ ಬೇಕಾಯಿತು. 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆಯಾಗಿ ತಯಾರಾದ ಈ ವಾಹನವೇ ಜೀಪು. ಯುದ್ಧ ಮುಗಿದ ಬಳಿಕ ಅದು ಕೃಷಿಗೂ ಸರ್ವೇ ಕೆಲಸಕ್ಕೂ ಇಳಿಯಿತು. 1945ರಲ್ಲಿ ಸ್ಥಾಪಿತವಾದ, ಇಂದು ಮಹೀಂದ್ರ ಎಂದು ಹೆಸರಾಗಿರುವ ಸಂಸ್ಥೆಯು 1947ರಲ್ಲಿ ಬೊಂಬಾಯಿಯಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಅಲ್ಲಿಂದೀಚೆಗೆ ಮಲೆನಾಡಿನ ತೋಟದ ದಾರಿಗಳಿಗೂ ಜೀಪಿಗೂ ಬಿಡಲಾಗದ ನಂಟು ಬೆಳೆಯಿತು.

ಸಾಧಾರಣ ಕಾರಿನಲ್ಲಿ ಎಂಜಿನ್ನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಸಿಗುತ್ತದೆ. ಆ ಚಕ್ರಗಳು ಜಾರುವ ನೆಲಕ್ಕೆ ಸಿಕ್ಕಿದರೆ ಅವು ನಿಂತಲ್ಲಿಯೇ ಗಿರಗಿರನೆ ತಿರುಗುತ್ತವೆಯೇ ಹೊರತು ಗಾಡಿ ಮುಂದಕ್ಕೆ ಹೋಗದು. ಜೀಪಿನಲ್ಲಿ ಚಾಲಕನ ಪಕ್ಕಕ್ಕೆ ಇನ್ನೊಂದು ಹಿಡಿಕೆ ಉಂಟು. ಅದನ್ನು ಸರಿಸಿದರೆ ನಾಲ್ಕೂ ಚಕ್ರಗಳು ದುಡಿಯತೊಡಗುತ್ತವೆ. ಇನ್ನೊಂದು ಹೆಜ್ಜೆ ಸರಿಸಿದರೆ ವೇಗವು ನಡೆಯುವವನ ವೇಗಕ್ಕೆ ಇಳಿದು, ಎಳೆಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಜೀಪುಗಳ ಚಕ್ರಕ್ಕೆ ಕಬ್ಬಿಣದ ಸರಪಳಿಯನ್ನು ಸುತ್ತುವುದೂ ಉಂಟು; ಅದು ಕೆಸರನ್ನು ಉಗುರಿನಂತೆ ಕಚ್ಚಿ ಹಿಡಿಯುತ್ತದೆ.

ಸಾರಥಿಯ ಕೈಗುಣ

ಡಾಂಬರು ಮುಗಿದು ಕಲ್ಲುದಾರಿ ಆರಂಭವಾಗುವಾಗ ಚಾಲಕನು "ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ, ಕೈ ಹೊರಗೆ ಹಾಕ್ಬೇಡಿ" ಎಂದು ಒಂದೇ ಮಾತಿನಲ್ಲಿ ಎಚ್ಚರಿಸುತ್ತಾನೆ. ಆಮೇಲೆ ಅವನ ಮಾತು ಕಡಮೆ. ಮಳೆನೀರು ಕೊರೆದ ಕೊರಕಲುಗಳು ದಾರಿಯ ಉದ್ದಕ್ಕೂ ಬಾಯ್ದೆರೆದು ಬಿದ್ದಿರುತ್ತವೆ. ಕೆಲವು ತಿರುವುಗಳಲ್ಲಿ ಎಡಕ್ಕೆ ಬಂಡೆ, ಬಲಕ್ಕೆ ಪಾತಾಳ. ನಡುವೆ ಒಂದು ಜೀಪಿಗೆ ಸಾಲುವಷ್ಟೇ ನೆಲ. ಹೊಸಬರ ಕಣ್ಣಿಗೆ ಅವನು ಸುಮ್ಮನೆ ಚಕ್ರವನ್ನು ಅತ್ತಿತ್ತ ತಿರುಗಿಸುವಂತೆ ಕಾಣುತ್ತದೆ. ನಿಜವಾಗಿ ಪ್ರತಿಯೊಂದು ತಿರುಗಿಸುವಿಕೆಗೂ ಒಂದು ಕಾರಣವಿರುತ್ತದೆ.

ಕೊರಕಲು ಎದುರಾದಾಗ ಅದರೊಳಕ್ಕೆ ಗಾಲಿಯನ್ನು ಇಳಿಸದೆ, ಅದರ ಎರಡು ದಂಡೆಗಳ ಮೇಲೆ ಎರಡು ಗಾಲಿಗಳನ್ನಿಟ್ಟು ದಾಟಿಸುತ್ತಾನೆ. ದೊಡ್ಡ ಕಲ್ಲು ಅಡ್ಡ ಬಂದರೆ ಅದನ್ನು ಹೊಟ್ಟೆಯಡಿಗೆ ಬಿಟ್ಟುಕೊಳ್ಳುವ ಬದಲು ಗಾಲಿಯನ್ನೇ ಅದರ ಮೇಲೆ ಹತ್ತಿಸುತ್ತಾನೆ. ಗಾಲಿ ಪೆಟ್ಟು ತಾಳೀತು, ಗಾಡಿಯ ಅಡಿಭಾಗ ತಾಳದು. ಏರಿನ ನಡುವೆ ನಿಲ್ಲಿಸಿದರೆ ಮತ್ತೆ ಹೊರಡುವಾಗ ಗಾಲಿ ಜಾರುವ ಸಂಭವವಿರುವುದರಿಂದ ಏರು ಆರಂಭವಾಗುವ ಮೊದಲೇ ಗೇರನ್ನು ಆರಿಸಿಕೊಂಡು ಒಂದೇ ಹದದಲ್ಲಿ ಏರಿಸುತ್ತಾನೆ. ಎದುರಿನಿಂದ ಇನ್ನೊಂದು ಜೀಪು ಬಂದರೆ ಇಳಿಯುವವನು ಸರಿದು ನಿಂತು ಏರುವವನಿಗೆ ದಾರಿ ಬಿಡಬೇಕು. ಇದು ಕೊಡಚಾದ್ರಿಯ ಸಂಪ್ರದಾಯ ಮಾತ್ರವಲ್ಲ, ನಮ್ಮ ದೇಶದ ರಸ್ತೆ ನಿಯಮವೂ ಹೌದು.

ಏರುವುದಕ್ಕಿಂತಲೂ ಇಳಿಯುವುದು ಕಠಿನ. ಬ್ರೇಕನ್ನೇ ನಂಬಿ ಒತ್ತುತ್ತ ಹೋದರೆ ಅದು ಕಾಯ್ದು, ಕೊನೆಗೆ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ. ಆದುದರಿಂದ ಅನುಭವಿ ಚಾಲಕನು ಏರಿದ ಗೇರಿನಲ್ಲಿಯೇ ಇಳಿಯುತ್ತಾನೆ. ಆಗ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿದೆಳೆಯುತ್ತ, ಮೂಗುದಾರ ಹಿಡಿದ ಒಕ್ಕಲಿಗನಂತೆ ನಿಧಾನವಾಗಿ ಕೆಳಗಿಳಿಸುತ್ತದೆ.

ನಿನ್ನೆ ಗಟ್ಟಿಯಾಗಿದ್ದ ದಂಡೆ ಇಂದಿನ ಮಳೆಗೆ ಕುಸಿದಿರಬಹುದು. ಅದನ್ನು ಯಾವ ನಕಾಶೆಯೂ ತಿಳಿಸದು. ದಿನವೂ ಆ ದಾರಿಯನ್ನು ತುಳಿಯುವವನು ಮಾತ್ರ ತಿಳಿಸಬಲ್ಲ. ಪ್ರಯಾಣಿಕರು ತಾವು ಜೀಪಿಗೆ ಬಾಡಿಗೆ ಕೊಟ್ಟೆವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅವರು ಬಾಡಿಗೆ ಕೊಟ್ಟಿರುವುದು ಆ ನೆಲದ ಅರಿವಿಗೆ.

ಚಳಿಯ ಶಿಖರ

ಸಾವಿರ ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣತೆ ಆರರಿಂದ ಏಳು ಡಿಗ್ರಿಯಷ್ಟು ಇಳಿಯುವುದು ಪ್ರಕೃತಿಯ ನಿಯಮ. ಕೊಲ್ಲೂರಿನಲ್ಲಿ ಬೆವರು ಒರಸಿಕೊಂಡು ಜೀಪು ಹತ್ತಿದವರು ಮೇಲೆ ಇಳಿಯುವಾಗ ಸೆರಗನ್ನು ಹೊದೆದುಕೊಳ್ಳುತ್ತಾರೆ, ಶಾಲು ತರದಿದ್ದುದಕ್ಕೆ ಪರಿತಪಿಸುತ್ತಾರೆ. ಸಮುದ್ರದ ಕಡೆಯಿಂದ ಬೀಸುವ ಒದ್ದೆ ಗಾಳಿಗೆ ಅಡ್ಡವಾಗಿ ಇನ್ನೊಂದು ಬೆಟ್ಟವಿಲ್ಲ. ಒಂದು ಗಳಿಗೆ ಎದುರಿನ ಕಣಿವೆ ಸ್ಪಷ್ಟವಾಗಿ ಕಂಡರೆ, ಮರುಗಳಿಗೆಯಲ್ಲಿ ಪಕ್ಕದಲ್ಲಿ ನಿಂತವರ ಮುಖವೂ ಮಂಜಿನಲ್ಲಿ ಮುಚ್ಚಿಹೋಗುತ್ತದೆ.

ಜೀಪು ನಿಲ್ಲುವ ಸ್ಥಳದ ಬಳಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯಿದೆ. ಅದರ ಮುಂದೆ ನಿಂತಿರುವ ಎತ್ತರವಾದ ಕಬ್ಬಿಣದ ಕಂಬವನ್ನು, ದೇವಿಯು ಮೂಕಾಸುರನನ್ನು ಸಂಹರಿಸಿದ ತ್ರಿಶೂಲವೆಂದು ಭಕ್ತರು ನಂಬುತ್ತಾರೆ. ಅಷ್ಟೊಂದು ಮಳೆ ಸುರಿಯುವ ಜಾಗದಲ್ಲಿ ಬಯಲಿನಲ್ಲಿಯೇ ನಿಂತಿದ್ದರೂ ತುಕ್ಕು ತಿಂದು ನಾಶವಾಗದಿರುವ ಈ ಕಂಬವು ಲೋಹವಿಜ್ಞಾನಿಗಳ ಅಧ್ಯಯನಕ್ಕೂ ವಸ್ತುವಾಗಿದೆ.

ಇಲ್ಲಿಂದ ಮುಂದಕ್ಕೆ ಯಾವ ವಾಹನವೂ ಇಲ್ಲ. ಗಣಪತಿಯ ಗುಹೆಯನ್ನು ದಾಟಿ, ಹುಲ್ಲಿನ ಏಣಿನ ಮೇಲೆ ಕಾಲ್ನಡೆಯಲ್ಲಿಯೇ ಸಾಗಿದರೆ ಸರ್ವಜ್ಞಪೀಠ. ಆದಿಶಂಕರರು ತಪಸ್ಸು ಮಾಡಿದ ಸ್ಥಳವೆಂದು ಪ್ರತೀತಿಯಿರುವ ಈ ಪೀಠವು ಒಂದು ಸಣ್ಣ ಕಲ್ಲುಮಂಟಪ. ಆಡಂಬರದ ಹೆಸರೇ ಇಲ್ಲ. ಮಂಜು ಸರಿದ ದಿನ ಪಶ್ಚಿಮದಲ್ಲಿ ಅರಬ್ಬೀ ಸಮುದ್ರದ ಬೆಳ್ಳಿಗೆರೆ ಕಾಣುತ್ತದೆ. ದಿಗಂತದವರೆಗೂ ಹೊಲವನ್ನೇ ಕಂಡ ಎರೆಸೀಮೆಯ ಕಣ್ಣುಗಳಿಗೆ, ಮಡಿಕೆ ಮಡಿಕೆಯಾಗಿ ಇಳಿದುಹೋಗುವ ಆ ಹಸುರನ್ನು ಎಷ್ಟು ನೋಡಿದರೂ ತಣಿವಿಲ್ಲ.

ಪರದೇಶದ ನಾಲ್ಕು ಗಾಲಿಯ ಕುದುರೆ

ಇಂಥ ದುರ್ಗಮ ನೆಲಕ್ಕೆಂದೇ ಲೋಕದ ಇತರ ಭಾಗಗಳಲ್ಲಿ ಇನ್ನೂ ಚಿಕ್ಕದಾದ ವಾಹನವೊಂದು ಬಳಕೆಗೆ ಬಂದಿದೆ. ಅದು ಕ್ವಾಡ್ ಬೈಕು. ಮೋಟಾರ್ ಸೈಕಲ್ಲಿನಂತೆ ಕಾಲು ಇಬ್ಬದಿಗೆ ಹಾಕಿ ಕುಳಿತು, ಹ್ಯಾಂಡಲ್ ಹಿಡಿದು, ನಾಲ್ಕು ಉಬ್ಬಿದ ಗಾಲಿಗಳ ಮೇಲೆ ಸವಾರಿ ಮಾಡುವ ಯಂತ್ರವಿದು. ಇದರ ಪೂರ್ವಜವು 1970ರಲ್ಲಿ ಹೋಂಡಾ ಸಂಸ್ಥೆಯು ಮಾರುಕಟ್ಟೆಗೆ ತಂದ ಮೂರು ಗಾಲಿಯ ವಾಹನ. ಅದು ತಿರುವುಗಳಲ್ಲಿ ಮಗುಚಿ ಅಸಂಖ್ಯ ಅಪಘಾತಗಳಾದುದರಿಂದ 1988ರಲ್ಲಿ ಅಮೆರಿಕದ ಸರಕಾರವು ಕಾರ್ಖಾನೆಗಳೊಡನೆ ಮಾಡಿಕೊಂಡ ಒಪ್ಪಂದದಂತೆ ಮೂರು ಗಾಲಿಯ ವಾಹನಗಳ ಮಾರಾಟ ಅಲ್ಲಿ ನಿಂತಿತು. ಅಷ್ಟರಲ್ಲಿ, 1982ರ ವೇಳೆಗೆ, ಸುಜುಕಿ ಸಂಸ್ಥೆಯ ನಾಲ್ಕು ಗಾಲಿಯ ವಾಹನವು ಬಂದಿದ್ದಿತು.

ಗಾಲಿ ನಾಲ್ಕಾದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಎತ್ತರಕ್ಕೆ ಕುಳಿತ ಸವಾರನ ಭಾರದಿಂದ ಕ್ವಾಡ್ ಬೈಕು ಇಳಿಜಾರಿನಲ್ಲಿ ಸುಲಭವಾಗಿ ಮಗುಚುತ್ತದೆ. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ಅಡ್ಡ ಇಳಿಜಾರಿನಲ್ಲಿ ಮೇಲಿನ ಬದಿಗೆ ಮೈಯನ್ನು ಬಾಗಿಸಬೇಕು. ಐಸ್‌ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಅಗ್ನಿಪರ್ವತಗಳೂ ಹಿಮನದಿಗಳೂ ಸೇರಿ ಹಾಸಿದ ಕಪ್ಪು ಮರಳಿನ ಬಯಲುಗಳುಂಟು. ನೋಡಲು ಕುರ್ತಕೋಟಿಯ ಎರೆಯಂತೆಯೇ ಕಪ್ಪು. ಆದರೆ ಕಾಳು ಮೊಳೆಯದ ಕಪ್ಪು. ಅಲ್ಲಿ ಪ್ರವಾಸಿಗರಿಗೆ ಶಿರಸ್ತ್ರಾಣ ತೊಡಿಸಿ, ಚಳಿಗೆ ದಪ್ಪನೆಯ ಉಡುಪು ಕೊಟ್ಟು, ಮೊದಲು ಸಮನೆಲದಲ್ಲಿ ಅಭ್ಯಾಸ ಮಾಡಿಸಿ, ಆಮೇಲೆ ಮಾರ್ಗದರ್ಶಕನ ಹಿಂದೆ ಒಬ್ಬರ ಹಿಂದೊಬ್ಬರಾಗಿ ಕರೆದೊಯ್ಯುತ್ತಾರೆ. ಅವನ ಗಾಲಿಯ ಗೆರೆಯನ್ನು ಬಿಟ್ಟು ಆಚೆ ಹೋಗುವಂತಿಲ್ಲ. ದಾರಿ ಬಿಟ್ಟು ವಾಹನ ಓಡಿಸುವುದು ಆ ದೇಶದಲ್ಲಿ ದಂಡನಾರ್ಹ ಅಪರಾಧ. ಶೀತಪ್ರದೇಶದ ಹಾವಸೆಯ ಮೇಲೆ ಒಮ್ಮೆ ಬಿದ್ದ ಗಾಲಿಯ ಗಾಯವು ಮಾಯಲು ಹತ್ತಾರು ವರ್ಷಗಳೇ ಬೇಕಾಗುತ್ತವೆ.

ಯಂತ್ರವು ಎಲ್ಲಿಗಾದರೂ ಹೋಗಬಲ್ಲದಾದಾಗ, ಎಲ್ಲಿಗೆ ಹೋಗಬಾರದೆಂದು ಬಲ್ಲವನೇ ಮಾರ್ಗದರ್ಶಕ. ಐಸ್‌ಲೆಂಡಿನ ಮರಳಿಗೂ ಕೊಡಚಾದ್ರಿಯ ಕಲ್ಲಿಗೂ ಈ ಸೂತ್ರ ಒಂದೇ.

ಬೆಟ್ಟದ ಪಾಲು

ಕೊಡಚಾದ್ರಿಯ ಹುಲ್ಲು ಮೃದುವಾಗಿ ಕಂಡರೂ ಅದರ ಬೇರುಗಳೇ ಬೆಟ್ಟದ ಮಣ್ಣನ್ನು ಹಿಡಿದಿಟ್ಟಿರುವುದು. ದಾರಿ ಬಿಟ್ಟು ಒಂದು ವಾಹನ ಹುಲ್ಲಿನ ಮೇಲೆ ಹರಿದರೆ ಆ ಗೆರೆಯಲ್ಲಿ ಮೊದಲ ಮಳೆಯ ನೀರು ಇಳಿಯುತ್ತದೆ. ಎರಡನೆಯ ಮಳೆಗಾಲಕ್ಕೆ ಗೆರೆ ಕಾಲುವೆಯಾಗುತ್ತದೆ, ಬರಬರುತ್ತ ಕಾಲುವೆಯು ಕೊರಕಲಾಗುತ್ತದೆ. ಇದೇ ಬೆಟ್ಟದಲ್ಲಿ ಹುಟ್ಟುವ ಸೌಪರ್ಣಿಕೆಯ ನೀರಿನಲ್ಲಿ ಸಾವಿರಾರು ಭಕ್ತರು ಮೀಯುತ್ತಾರೆಂಬುದನ್ನು ನೆನೆದರೆ, ಮೇಲಿನ ಮಣ್ಣಿಗೂ ಕೆಳಗಿನ ತೀರ್ಥಕ್ಕೂ ಇರುವ ಸಂಬಂಧ ಮನದಟ್ಟಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕೊಲ್ಲೂರಿನಿಂದ ಕೊಡಚಾದ್ರಿಗೆ ತಂತಿಮಾರ್ಗವನ್ನು ನಿರ್ಮಿಸುವ ಪ್ರಸ್ತಾಪವೂ ಚರ್ಚೆಗೆ ಬಂದಿದೆ. ವೃದ್ಧರಿಗೂ ಅಶಕ್ತರಿಗೂ ಅದರಿಂದ ಅನುಕೂಲವಾದೀತೆಂಬುದು ಒಂದು ವಾದ. ಇಕ್ಕಟ್ಟಾದ ಶಿಖರವು ಅಷ್ಟು ಜನರನ್ನು ತಾಳಲಾರದು, ಜೀಪನ್ನೇ ನಂಬಿದ ಸಂಸಾರಗಳ ಗತಿಯೇನು ಎಂಬುದು ಇನ್ನೊಂದು. ತೀರ್ಮಾನ ಏನೇ ಆಗಲಿ, ಈ ದಾರಿಯನ್ನು ಅಂಗೈಗೆರೆಯಂತೆ ಬಲ್ಲ ಚಾಲಕರ ಅರಿವು ವ್ಯರ್ಥವಾಗಬಾರದು. ಅದು ಶಾಲೆಯಲ್ಲಿ ಕಲಿಸಿದ್ದಲ್ಲ. ಕಳೆದುಹೋದರೆ ಕೊಂಡು ತರುವಂಥದೂ ಅಲ್ಲ.

ಹೊರಡುವವರು ಕೆಲವು ಸಂಗತಿಗಳನ್ನು ಗಮನದಲ್ಲಿಡುವುದು ಲೇಸು. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ಪ್ರಶಸ್ತ. ಭಾರಿ ಮಳೆಯಲ್ಲಿ ಅಧಿಕಾರಿಗಳು ಪ್ರವೇಶವನ್ನು ನಿಲ್ಲಿಸುವುದುಂಟು. ಆಗ ಹಟ ಹಿಡಿಯಬಾರದು. ಮಳೆಗಾಲದ ಹುಲ್ಲಿನಲ್ಲಿ ಇಂಬಳಗಳ ಕಾಟ ತಪ್ಪದು. ಬೆಚ್ಚನೆಯ ಹೊದಿಕೆ, ಗಟ್ಟಿ ಮೆಟ್ಟು, ಕುಡಿಯುವ ನೀರು ಜೊತೆಗಿರಲಿ. ಬುತ್ತಿಯ ಎಲೆಯೂ ಪ್ಲಾಸ್ಟಿಕ್ಕೂ ಮರಳಿ ಕೆಳಕ್ಕೆ ಬರಲಿ. ಬೆನ್ನುನೋವಿನವರೂ ಗರ್ಭಿಣಿಯರೂ ಕೊಲ್ಲೂರಿನ ದರ್ಶನದಲ್ಲಿಯೇ ತೃಪ್ತಿ ಕಾಣುವುದು ಉಚಿತ. ಎಲ್ಲಕ್ಕಿಂತ ಮಿಗಿಲಾಗಿ, "ಇನ್ನೂ ಜೋರಾಗಿ ಬಿಡಿ" ಎಂದು ಚಾಲಕನನ್ನು ಹುರಿದುಂಬಿಸಬಾರದು. ಅವನು "ಇವತ್ತು ಬೇಡ" ಎಂದ ದಿನ ಹಿಂದಿರುಗಿದವರು, ಹಸಿ ಎರೆಗೆ ಚಕ್ಕಡಿ ಇಳಿಸದ ಒಕ್ಕಲಿಗನಷ್ಟೇ ಜಾಣರು. ಮಂಜು ಇಂದಲ್ಲದಿದ್ದರೆ ನಾಳೆ ಸರಿದೀತು. ಬೆಟ್ಟ ಅಲ್ಲಿಯೇ ಇರುತ್ತದೆ.