ಒಣ ನೆಲದ ಬಿಡದಿ: ಸುಖವೂ ಹೊಣೆಯೂ

ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಅನೇಕ ಮನೆತನಗಳ ಮಕ್ಕಳು ಇಂದು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಉದ್ಯೋಗದಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ತಂದೆತಾಯಿಗಳನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂಬ ಅವರ ಬಯಕೆ ಸಹಜವಾದುದೇ. ಹಿಂದೆ ಪ್ರಯಾಣವೆಂದರೆ ಜಾತ್ರೆ, ಕ್ಷೇತ್ರದರ್ಶನ, ಇಲ್ಲವೆ ಬೀಗರ ಮನೆ. ಈಗ ಜೈಸಲ್ಮೇರದ ಮರಳುದಿಬ್ಬಗಳ ನಡುವಿನ ಡೇರೆಗಳು, ದುಬೈ ಮರುಭೂಮಿಯ ವಿಲಾಸದ ತಂಗುದಾಣಗಳು, ನಮ್ಮ ನೆರೆಯ ಕಮಲಾಪುರದ ಬಂಡೆಗಲ್ಲುಗಳ ನಡುವಿನ ವಸತಿಗೃಹಗಳು ಈ ಪಟ್ಟಿಗೆ ಸೇರಿವೆ. ಇದನ್ನು ಕೇಳಿದ ಹಿರಿಯರು, “ಬಿಸಲು ನೋಡಾಕ ರೊಕ್ಕ ಕೊಟ್ಟು ಹೋಗಬೇಕೇನು? ನಮ್ಮಲ್ಲಿ ಬಿಸಲಿಗೆ ಬರ ಐತೇನು?” ಎಂದು ನಗುವುದುಂಟು. ನಗೆಯ ಮಾತಾದರೂ ಇದರಲ್ಲಿ ವಿಚಾರಕ್ಕೆ ಎಡೆಯುಂಟು. ಒಣ ನೆಲದಲ್ಲಿ ಸುಖವಾಗಿ ತಂಗುವುದು ಎಂದರೇನು? ಆ ಸುಖದ ಭಾರವನ್ನು ಯಾರು ಹೊರುತ್ತಾರೆ?

ಸಫರ್ ಮತ್ತು ಸಫಾರಿ

‘ಸಫಾರಿ’ ನಮಗೆ ತೀರ ಪರಕೀಯವಾದ ಶಬ್ದವಲ್ಲ. ಪ್ರಯಾಣ ಎಂಬ ಅರ್ಥದ ಅರಬ್ಬೀ ‘ಸಫರ್’ ಪದವೇ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಸಫಾರಿಯಾಯಿತು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ಹಿರಿಯರಿಗೆ ‘ಸಫರ್’ ನಿತ್ಯದ ಮಾತಾಗಿತ್ತು. ಮುಂದೆ ಐರೋಪ್ಯರು ಕೋವಿ ಹಿಡಿದು ಬೇಟೆಗೆ ಹೊರಟ ಯಾತ್ರೆಗೆ ಸಫಾರಿ ಎಂಬ ಹೆಸರು ನಿಂತಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದಿತು. ಕರ್ನಾಟಕ ಸರ್ಕಾರವು 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿ, ಮೈಸೂರು ಅರಸರ ಬೇಟೆಯ ಬಂಗಲೆಯಿದ್ದ ಕಬಿನಿ ತೀರದ ಕಾರಾಪುರದಲ್ಲಿ ಮೊದಲ ವಸತಿಯನ್ನು ತೆರೆಯಿತು. ಕೊಲ್ಲಲು ಕಟ್ಟಿದ ಮನೆಯು ನೋಡಿ ಆನಂದಿಸುವ ಮನೆಯಾದುದು ಒಳ್ಳೆಯ ಬದಲಾವಣೆಯೇ ಸರಿ.

ಮರುಭೂಮಿ ಮತ್ತು ಎರೆ ನೆಲ

ಜೈಸಲ್ಮೇರದಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು. ರಾಯಚೂರಿನಲ್ಲಿ ಸುಮಾರು 600 ಮಿಲಿಮೀಟರು. ಆದುದರಿಂದ ನಮ್ಮದು ಮರುಭೂಮಿಯಲ್ಲ, ಮಳೆ ಕೈಕೊಟ್ಟರೆ ಕಂಗೆಡುವ ಬಯಲುಸೀಮೆ. ಆದರೂ ಈ ಎರಡು ನೆಲಗಳಿಗೆ ಒಂದು ನಂಟಿದೆ. ಥಾರ್ ಮರುಭೂಮಿಯ ಹೆಮ್ಮೆಯೆನಿಸಿದ, ರಾಜಸ್ಥಾನದ ರಾಜ್ಯಪಕ್ಷಿಯಾದ ‘ಗೋಡಾವಣ’ವನ್ನೇ ಕನ್ನಡಿಗರು ಎರೆಬೂತ ಎಂದು ಕರೆದರು. ಮನುಷ್ಯನ ಎದೆಯೆತ್ತರಕ್ಕೆ ನಿಲ್ಲುವ ಈ ಭಾರಿ ಹಕ್ಕಿ ನೆಲದ ಮೇಲೆಯೇ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ. ಇಡೀ ದೇಶದಲ್ಲಿ ಇಂದು ಇವುಗಳ ಸಂಖ್ಯೆ 200ನ್ನೂ ಮುಟ್ಟುವುದಿಲ್ಲ. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ತಾಲೂಕಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಎರೆಬೂತಗಳು ಕಂಡುಬಂದುದುಂಟು. ಬರಡು ಎಂದು ನಾವು ಕಡೆಗಣಿಸುವ ಬಯಲನ್ನೇ ನೆಚ್ಚಿ ಬದುಕುವ ಜೀವಿಗಳಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದರೋಜಿಯ ಕರಡಿಗಳು

ಇಂತಹ ಒಣ ನೆಲದ ಸೊಬಗನ್ನು ಕಾಣಲು ನಮ್ಮವರು ರಾಜಸ್ಥಾನದವರೆಗೆ ಹೋಗಬೇಕಾಗಿಲ್ಲ. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿಗಳನ್ನು ಹಾಯ್ದು ನದಿ ದಾಟಿದರೆ ಹಂಪಿಯ ಮಗ್ಗುಲಿಗೇ ಕಮಲಾಪುರ. ದೇವದುರ್ಗದವರು ಸಿರವಾರದ ಮೂಲಕ ಬಂದು ಇದೇ ಮಾರ್ಗವನ್ನು ಕೂಡಿಕೊಳ್ಳಬಹುದು. ಇಲ್ಲಿಂದ ದರೋಜಿಯ ಕಡೆಗೆ ಹಬ್ಬಿದ ಬಂಡೆಗುಡ್ಡಗಳ ಕುರುಚಲು ಕಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಮುಂದೆ ವಿಸ್ತರಣೆಗೊಂಡ ಈ ಧಾಮ ಇಂದು ಸುಮಾರು 82 ಚದರ ಕಿಲೋಮೀಟರಿನಷ್ಟಿದೆ. ಕಮಲಾಪುರದ ಸುತ್ತ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯೂ, ಅರಮನೆಯ ಮಾದರಿಯಲ್ಲಿ ಕಟ್ಟಿದ ಬಹುಬೆಲೆಯ ಖಾಸಗಿ ವಸತಿಯೂ ಇವೆ.

ಕರಡಿಯು ಹಗಲಿನ ಉರಿಬಿಸಿಲನ್ನು ಬಂಡೆಗಳ ಗುಹೆಯಲ್ಲಿ ಕಳೆದು, ಹೊತ್ತು ಇಳಿದ ಮೇಲೆ ಆಹಾರಕ್ಕೆ ಹೊರಡುತ್ತದೆ. ಗೆದ್ದಲು, ಇರುವೆ, ಜೇನು, ಬಾರಿ, ನೇರಳೆ, ಕಕ್ಕೆಯ ಹಣ್ಣುಗಳು ಅದರ ಆಹಾರ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲದ ಸಂದಿನಿಂದ ಗೆದ್ದಲನ್ನು ಹೀರಿಕೊಳ್ಳುವ ಸದ್ದು ಬಹುದೂರದವರೆಗೆ ಕೇಳಿಸುತ್ತದೆ. ತಾಯಿಯು ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅರಣ್ಯ ಸಿಬ್ಬಂದಿ ಎದುರಿನ ಬಂಡೆಗೆ ಬೆಲ್ಲದ ಪಾಕವನ್ನು ಸವರುತ್ತಾರೆ. ವೀಕ್ಷಣಾ ಗೋಪುರದಲ್ಲಿ ಮೌನವಾಗಿ ಕುಳಿತವರಿಗೆ ಮಧ್ಯಾಹ್ನ ಕಳೆದು ಸಂಜೆಯಾಗುವುದರೊಳಗೆ ಕರಡಿಗಳ ದರ್ಶನವಾಗುವುದು ಅಪರೂಪವಲ್ಲ. ಬೆಳಗಿನ ಜಾವದಲ್ಲಿ ನವಿಲು, ಗೌಜಲಕ್ಕಿ, ಚಿಟ್ಟುಕೋಳಿಗಳ ಕೂಗನ್ನು ಕೇಳಬಹುದು.

ಇಂತಹ ವಸತಿಗಳಲ್ಲಿ ಅತಿಥಿಗೆ ಹೆಚ್ಚಿನ ಬೆಲೆಗೆ ದೊರೆಯುವ ಅನೇಕ ಸುಖಗಳು ನಮಗೆ ಹೊಸವಲ್ಲ. ದಪ್ಪ ಗೋಡೆಯ ತಂಪು, ಅಂಗಳದ ಗಾಳಿ, ಚುಕ್ಕಿ ತುಂಬಿದ ಆಕಾಶ, ಮಣ್ಣಿನ ಗಡಿಗೆಯ ನೀರು, ಜೋಳದ ರೊಟ್ಟಿ ಇವೆಲ್ಲ ನಮ್ಮ ಮಾಳಿಗೆ ಮನೆಗಳಲ್ಲಿ ಇದ್ದವೇ. ಹೊಸದಾಗಿ ಸೇರಿದವು ಈಜುಕೊಳ, ಹಸಿರು ಹಾಸು, ಸ್ನಾನದ ತೊಟ್ಟಿ ಮತ್ತು ಹಗಲಿರುಳು ತಿರುಗುವ ತಂಪುಯಂತ್ರ.

ಸುಖದ ಬೆಲೆ

ಇಲ್ಲಿಯೇ ನಾವು ತುಸು ನಿಂತು ಯೋಚಿಸಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಭಾಗದ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರು ನೀರನ್ನು ಗುರಿಯಾಗಿಟ್ಟುಕೊಂಡಿತು. ಸ್ನಾನದ ತೊಟ್ಟಿಯೊಂದು ಒಮ್ಮೆ ತುಂಬಲು ಸುಮಾರು 150 ಲೀಟರು ಬೇಕು. ಹಳ್ಳಿಯ ಮೂವರ ಇಡೀ ದಿನದ ಪಾಲು ಬಹುಪಾಲು ಒಂದೇ ಸ್ನಾನಕ್ಕೆ ಮುಗಿದುಹೋಗುತ್ತದೆ. ಕಮಲಾಪುರದ ಸೀಮೆಗೂ ನಮ್ಮ ಮಾನ್ವಿಯ ಸೀಮೆಗೂ ಆಸರೆಯಾದವಳು ಒಬ್ಬಳೇ ತುಂಗಭದ್ರೆ. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆ ಅಲ್ಲಿ ಇಂದಿಗೂ ಹರಿಯುತ್ತಿದೆ. ಇತ್ತ ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ಕಾದು ಕುಳಿತಿರುತ್ತಾರೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಅವರು ಪಟ್ಟ ಆತಂಕವನ್ನು ನಮ್ಮ ಮನೆಗಳು ಬಲ್ಲವು. ವಸತಿಗೃಹಗಳು ಬಳಸುವ ನೀರು ಕೃಷಿಯ ನೀರಿನ ಮುಂದೆ ಅಲ್ಪವೇ ಇರಬಹುದು. ಆದರೆ ನೀರಿನ ಬೆಲೆಯನ್ನು ಬಲ್ಲ ಮನೆಯವರೇ ಪರಸ್ಥಳದಲ್ಲಿ ಅದನ್ನು ಮರೆಯುವುದು ಶೋಭೆಯಲ್ಲ.

ಎರಡನೆಯ ಭಾರವನ್ನು ಹೊರುವವನು ಕಾಡಂಚಿನ ರೈತ. ಕರಡಿಯು ಶೇಂಗಾ, ಮೆಕ್ಕೆಜೋಳ, ಕಬ್ಬಿನ ಹೊಲಗಳಿಗೂ ನುಗ್ಗುತ್ತದೆ. ಹಠಾತ್ತನೆ ಎದುರಾದ ಮನುಷ್ಯನ ಮೇಲೆ ಎರಗುತ್ತದೆ. ಅತಿಥಿಗೆ ಆನಂದವನ್ನೀಯುವ ಪ್ರಾಣಿಯು ಆ ರೈತನಿಗೆ ರಾತ್ರಿಯ ನಿದ್ದೆಗೇಡು. ಆದುದರಿಂದ ಅತಿಥಿಗಳು ತರುವ ಹಣದಲ್ಲಿ ಒಂದು ಪಾಲು ಆ ಹಳ್ಳಿಗಳಿಗೆ ಕೂಲಿಯಾಗಿ, ನೌಕರಿಯಾಗಿ, ಹಾಲು ತರಕಾರಿಯ ಬೆಲೆಯಾಗಿ ಸಲ್ಲಬೇಕಾದುದು ನ್ಯಾಯ. ದೇವದುರ್ಗ, ಮಾನ್ವಿಗಳಿಂದ ಪ್ರತಿವರ್ಷ ಗುಳೆ ಹೋಗುವ ಕುಟುಂಬಗಳನ್ನು ಕಣ್ಣಾರೆ ಕಂಡ ನಮಗೆ ಊರಿನಲ್ಲಿಯೇ ದೊರೆಯುವ ದುಡಿಮೆಯ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅತಿಥಿಯ ನಡೆ

ನಮ್ಮ ಪರಂಪರೆಯು ದಾಸೋಹವನ್ನು ನೀಡುವವನ ಧರ್ಮವೆಂದು ಎತ್ತಿಹಿಡಿಯಿತು. ಪಡೆಯುವವನಿಗೂ ಒಂದು ಧರ್ಮವಿದೆ: ಎಲೆಯಲ್ಲಿ ಬೇಕಾದಷ್ಟನ್ನೇ ಹಾಕಿಸಿಕೊಳ್ಳುವುದು, ಚೆಲ್ಲದಿರುವುದು. ಹಣ ತೆತ್ತು ತಂಗಿದಲ್ಲಿಯೂ ಈ ನಿಯಮ ಸಡಿಲವಾಗಬಾರದು.

ಹೋಗಬಯಸುವವರು ನವೆಂಬರಿನಿಂದ ಫೆಬ್ರುವರಿಯ ನಡುವಣ ಕಾಲವನ್ನು ಆರಿಸಿಕೊಳ್ಳುವುದು ಹಿತಕರ. ವೃದ್ಧರನ್ನೂ ಎಳೆಯ ಮಕ್ಕಳನ್ನೂ ಬೇಸಿಗೆಯಲ್ಲಿ ಕರೆದೊಯ್ಯದಿರುವುದು ಲೇಸು. ಕೋಣೆಯನ್ನು ಕಾಯ್ದಿರಿಸುವಾಗ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಇಲ್ಲಿಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಕೆಲಸಗಾರರಲ್ಲಿ ಸುತ್ತಲಿನ ಹಳ್ಳಿಯವರೆಷ್ಟು? ರಾತ್ರಿಯ ದೀಪ, ಸಂಗೀತಗಳಿಂದ ಪ್ರಾಣಿಗಳಿಗೆ ಬಾಧೆಯಾಗದಂತೆ ಯಾವ ಎಚ್ಚರ ವಹಿಸಲಾಗಿದೆ? ಕೇಳುವ ಗಿರಾಕಿಗಳು ಹೆಚ್ಚಿದಂತೆ ಉತ್ತರವೂ ಸರಿಹೋಗುತ್ತದೆ. ಅಲ್ಲಿರುವಾಗ ತೊಟ್ಟಿಯ ಬದಲು ಬಕೆಟ್ಟಿನ ಸ್ನಾನ ಸಾಕು. ಟವೆಲುಗಳನ್ನು ನಿತ್ಯ ಬದಲಿಸುವುದು ಬೇಡವೆನ್ನಬಹುದು. ಗೋಪುರದಲ್ಲಿ ಮಕ್ಕಳು ಗದ್ದಲ ಮಾಡದಂತೆ, ಕತ್ತಲಾದ ಮೇಲೆ ಯಾರೂ ಒಬ್ಬರೇ ಹೊರಗೆ ಸುಳಿಯದಂತೆ ನೋಡಿಕೊಳ್ಳಬೇಕು.

ಸಾಲ ಮಾಡಿ ಇಂತಹ ಪ್ರಯಾಣ ಕೈಗೊಳ್ಳುವುದು ಸಲ್ಲದು. ಅನುಕೂಲವುಳ್ಳವರು ಒಂದು ರಾತ್ರಿ ತಂಗಲಿ. ಉಳಿದವರು ಬೆಳಿಗ್ಗೆ ಹಂಪಿಯನ್ನು ಕಂಡು, ಸಂಜೆ ಗೋಪುರವನ್ನೇರಿ, ಹೊಸಪೇಟೆಯ ಸಾಧಾರಣ ವಸತಿಯಲ್ಲಿ ಮಲಗಿದರೂ ಕರಡಿಯ ದರ್ಶನಕ್ಕೆ ಕೊರತೆಯಿಲ್ಲ. ಮರಿ ಹೊತ್ತು ಬಂಡೆಯಿಳಿಯುವ ತಾಯಿಕರಡಿಯನ್ನು ಕಂಡ ಮಗುವು ಮರುದಿನ ತನ್ನ ಊರಿನ ಗುಡ್ಡವನ್ನೂ ಮುಳ್ಳುಕಂಟಿಯನ್ನೂ ಬೇರೆ ಕಣ್ಣಿನಿಂದ ನೋಡಿದರೆ ಆ ಪ್ರಯಾಣಕ್ಕೆ ಮಾಡಿದ ವೆಚ್ಚ ವ್ಯರ್ಥವಾಗಲಿಲ್ಲ ಎಂದು ತಿಳಿಯಬಹುದು.